ಏಳು ಮರಿಗಳಿಗೆ ಗೇಟ್ ಪಾಸ್

ನನ್ನ ಸೋದರಮಾವ ಕೋಳಿಮರಿಗಳಿಗೆ ಗೇಟ್ ಪಾಸ್ ಕೊಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಆ ಪಾಸಿನಲ್ಲಿ ಹೊರಹೋಗುವ ವೇಳೆ, ಒಳಬರುವ ವೇಳೆ, ಗಾಳಿ, ಬಿಸಿಲು ಎಂದೆಲ್ಲ ಕಾಲಂಗಳಿದ್ದು, ಕೊನೆಯಲ್ಲಿ "ಜವಾಬ್ದಾರರ ಸಹಿ" ಎಂಬಲ್ಲಿ ನನ್ನದೇ ಸಹಿ ಇದೆ ಎಂದರೆ? ಒಟ್ಟು ಮೂವತ್ತೊಂದು ಸಹಿ ಹಾಕಿದ್ದೇನೆ. ಲೆಕ್ಕ ನನ್ನ ದಿನಚರಿಯಲ್ಲಿದೆ.

ಮಾವ ಅಬುಧಾಬಿಯಿಂದ ಎರಡು ಗಂಟೆ ದೂರದ ಮರಳುಗಾಡಿನ ಊರು ಮದೀನತ್ ಜಾಯೆದ್ ಹತ್ತಿರದ ಒಂದು ಗ್ಯಾಸ್ ಘಟಕದಲ್ಲಿ ಸೇಫ್ಟಿ ಆಫೀಸರ್. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿ ಮಾಡಿ ಈಗ ಅವರ ಕಣ್ಣಿಗೆ ಪ್ರಪಂಚವೇ ಒಂದು ದೊಡ್ಡ ಅಪಘಾತ. ಇನ್ನೂ ಆಗಿಲ್ಲ, ಅಷ್ಟೇ! ಮನೆಯ ಏಣಿಗೆ ತಪಾಸಣೆಯ ಹಸಿರು ಚೀಟಿ ಅಂಟಿಸಿದ್ದಾರೆ. ಕುಕ್ಕರಿನ ಮೇಲೆ ಮುಂದಿನ ಪರೀಕ್ಷೆಯ ದಿನಾಂಕ ಬರೆದಿದ್ದಾರೆ. ಮಾಮಿ ದೋಸೆ ಮಗುಚುವಾಗ ಹಿಂದೆ ನಿಂತು "ಗ್ಲೌಸ್ ಎಲ್ಲಿ?" ಎನ್ನುತ್ತಾರೆ. "ಹೆಲ್ಮೆಟ್ ಸಹ ಹಾಕ್ಲಾ?" ಎಂದು ಮಾಮಿ ಸಿಡುಕಿದರೆ ಆ ಮನುಷ್ಯ ನಿಜಕ್ಕೂ ಒಂದು ಕ್ಷಣ ಯೋಚಿಸುತ್ತಾರೆ!

ಅಂಥ ಮನೆಗೆ ನಾನು ಬಂದದ್ದು ಫೆಬ್ರವರಿಯಲ್ಲಿ. ದುಬೈಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ ಮುಚ್ಚಿ, ಇಂಟರ್‌ನ್ಯಾಷನಲ್ ಸಿಟಿಯ ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ಕೋಣೆಯ ಒಂದು ಮಂಚ, ಖಾಲಿ ಮಾಡಿದ್ದೆ. ಕೊಟ್ಟ ಸಂದರ್ಶನ ಇಪ್ಪತ್ತಮೂರು; "ತಿಳಿಸುತ್ತೇವೆ" ಎಂದವರು ಇಪ್ಪತ್ತಮೂರು; ತಿಳಿಸಿದವರು ಸೊನ್ನೆ. ವೀಸಾ ಏಪ್ರಿಲ್ ಕೊನೆಯವರೆಗೆ ಮಾತ್ರ. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಊರಿಗೆ ವಾಪಸ್. ಆದರೆ ನಾನು ಹುಡುಕುವುದನ್ನೇ ನಿಲ್ಲಿಸಿದ್ದೆ. ಇಪ್ಪತ್ತನಾಲ್ಕನೆಯ ಸಲ ಯಾರದೋ ಎದುರು ಕುಳಿತು ನಗುವ ಧೈರ್ಯ ನನ್ನಲ್ಲಿ ಇರಲಿಲ್ಲ. ದಿನಚರಿಯಲ್ಲಿ ಸಾಲಾಗಿ ಹನ್ನೆರಡು ದಿನ ಒಂದೇ ನಮೂದು: "ಮನೆಯಿಂದ ಹೊರಗೆ ಹೋದದ್ದು: ಇಲ್ಲ."

ಹದಿಮೂರನೆಯ ದಿನ ಮಾವ ಏಳು ಮರಿಗಳನ್ನು ತಂದರು. ಸ್ಟೋರ್ ರೂಮಿನಲ್ಲಿ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಒಂದು ಬಲ್ಬು. ಮಾಮಿ ಬಗ್ಗಿ ನೋಡಿ ಅಲ್ಲೇ ನಮ್ಮೂರ ಕೋಳಿ ಅಡುಗೆಗಳ ಹೆಸರಲ್ಲಿ ನಾಮಕರಣ ಮುಗಿಸಿದರು: ಸುಕ್ಕ, ಪುಳಿಮುಂಚಿ, ಘೀ ರೋಸ್ಟ್...

"ಹಾಗೆಲ್ಲ ಹೆಸರಿಡಬೇಡ ಮಾರಾಯ್ತಿ, ಅವುಗಳ ಮೊರೇಲ್ ಹೋಗ್ತದೆ!" ಎಂದರು ಮಾವ.

"ಹೋಗ್ಲಿ. ಮಾಂಸ ಹೋಗದಿದ್ರೆ ಸಾಕು."

ಗರಿ ಪೂರ್ತಿ ಬರುವವರೆಗೆ, ಅಂದರೆ ಐದು ವಾರ, ಮರಿಗಳಿಗೆ ಹೊರಗಿನ ಅಂಗಳ ನಿಷಿದ್ಧ. ನನ್ನನ್ನು ಮಾವ ಕರೆದು ಹೇಳಿದರು: "ನೀನು ವಾಚರ್. ಬರೆಯುವ ಅಭ್ಯಾಸ ಹೇಗೂ ಉಂಟಲ್ಲ, ಇದನ್ನೂ ಬರಿ." ಕೆಲಸವಿಲ್ಲದವಳಿಗೆ ಬೇಡ ಎನ್ನಲು ನೆಪ ಎಲ್ಲಿಂದ ಬರಬೇಕು?

ಐದು ವಾರ ಮುಗಿಯುತ್ತ ಬಂದಾಗ ಅಂಗಳದ ಪರಿಶೀಲನೆ. ಹೇಗೆ ಅಂತೀರಿ? ಹಳದಿ ಜಾಕೆಟ್ ತೊಟ್ಟ ಮಾವ ಮರಳಿನ ಮೇಲೆ ಹೊಟ್ಟೆ ಊರಿ ಮಲಗಿ ತೆವಳತೊಡಗಿದರು! "ನಮ್ಮ ಎತ್ತರದಿಂದ ನೋಡಿದ್ರೆ ಎಂತ ಕಾಣ್ತದೆ? ಮರಿಯ ಎತ್ತರದಿಂದ ನೋಡ್ಬೇಕು." ಎಸಿ ರಿಪೇರಿಗೆ ಬಂದವನು ಗೇಟಿನಲ್ಲೇ ಗಾಬರಿಯಾಗಿ ನಿಂತ. "ಸಾಬ್ ಕೋ ಕ್ಯಾ ಹುವಾ?"

"ಕುಛ್ ನಹೀ," ಎಂದರು ಮಾಮಿ. "ಮುರ್ಗಿ ಹೋ ಗಯಾ."

ನಗಬೇಡಿ. ಆ ತೆವಳಾಟದಲ್ಲಿ ಸಿಕ್ಕಿದ್ದು: ತುಕ್ಕು ಮೊಳೆ ಹದಿನಾಲ್ಕು, ಗಾಜಿನ ಚೂರು ಆರು, ಮರಿ ನುಂಗಬಹುದಾದ ಪ್ಲಾಸ್ಟಿಕ್ ತುಂಡು ಒಂದು ಮುಷ್ಟಿ, ಗೇಟಿನಡಿ ಬೆಕ್ಕು ನುಸುಳುವಷ್ಟು ಸಂದು ಒಂದು. ಬಂದಾಗಿನಿಂದ ನಾನು ಅದೇ ಅಂಗಳವನ್ನು ಕಿಟಕಿಯಿಂದ ನೋಡಿದ್ದೆ. ನನಗೆ ಕಂಡದ್ದು ಬರೀ ಮರಳು. ಆಮೇಲೆ ತಂತಿಜಾಲರಿಯ ಒಂದು ಗೂಡು ಎದ್ದಿತು. ಮೇಲೆ ಕಾಗೆ ಎರಗದಂತೆ ಬಲೆ, ಅರ್ಧಕ್ಕೆ ನೆರಳಿನ ಬಟ್ಟೆ, ಮೂಲೆಯಲ್ಲಿ ತಣ್ಣನೆಯ ನೀರು.

ಮೊದಲ ದಿನ, ಬೆಳಿಗ್ಗೆ ಆರೂವರೆ. ಹೊರಗಿರಲು ಅನುಮತಿ ಹತ್ತು ನಿಮಿಷ. ಅದಕ್ಕೆ ಮುಂಚೆ ಮರಿಗಳನ್ನುದ್ದೇಶಿಸಿ ಮಾವನ ಸುರಕ್ಷಾ ಭಾಷಣ ಹನ್ನೊಂದು ನಿಮಿಷ! ಬಳಿಕ ಪೆಟ್ಟಿಗೆಯನ್ನು ಗೂಡಿನೊಳಗಿಟ್ಟು, ಅದರ ಬದಿಯಲ್ಲಿ ಕತ್ತರಿಸಿದ್ದ ಬಾಗಿಲು ತೆರೆದರು. ಹೊರಗೆ ಬಂದ ಮರಿಗಳ ಸಂಖ್ಯೆ: ಸೊನ್ನೆ. ಏಳೂ ಒಂದಕ್ಕೊಂದು ಅಂಟಿಕೊಂಡು ಪೆಟ್ಟಿಗೆಯ ಹಿಂದಿನ ಗೋಡೆಗೆ ಒತ್ತಿಕೊಂಡವು.

"ಹಿಡಿದು ಹೊರಗೆ ಬಿಡ್ಲಾ ಮಾವ?"

"ಬೇಡ, ಬೇಡ. ದೂಡಬಾರ್ದು. ಬಾಗಿಲು ತೆರೆದಿಟ್ಟು ಇಲ್ಲೇ ಕೂತ್ಕೊಳ್ಳುವ, ಅಷ್ಟೇ."

ಹತ್ತು ನಿಮಿಷ ಕೂತೆವು. ಅವರಿಗೆ ಡ್ಯೂಟಿಯ ಬಸ್ಸು ತಪ್ಪಿತು. ಎರಡನೆಯ ದಿನ ಘೀ ರೋಸ್ಟ್ ಒಂದು ಕಾಲು ಹೊರಗಿಟ್ಟು, ಮರಳು ತಾಗಿ, ಹಿಂದೆ ತೆಗೆಯಿತು. ನಾಲ್ಕನೆಯ ದಿನ ಏಳೂ ಹೊರಗೆ. ಐದನೆಯ ದಿನ ಮರಳಿನಲ್ಲಿ ಹೊರಳಿ ಧೂಳೆಬ್ಬಿಸಿ ಎಂಥ ಸ್ನಾನ ಅಂತೀರಿ! ಹತ್ತು ನಿಮಿಷ ಹದಿನೈದಾಯಿತು, ಹದಿನೈದು ಮೂವತ್ತಾಯಿತು.

ಆಗ ಮಾವನಿಗೆ ತುರ್ತು ಅಭ್ಯಾಸದ ಹುಚ್ಚು ಹತ್ತಿತು. ಘಟಕದಲ್ಲಿ ಸೀಟಿ ಊದಿದರೆ ಎಲ್ಲರೂ ಒಂದು ಜಾಗದಲ್ಲಿ ಸೇರಿ ತಲೆ ಎಣಿಸಬೇಕಂತೆ. ಮರಿಗಳಿಗೂ ಅದು ಬರಬೇಡವೇ? ನೆಲದ ಮೇಲೆ ಸುಣ್ಣದಿಂದ ಒಂದು ವೃತ್ತ ಬರೆದು ಸೀಟಿ ಊದಿದರು. ಅಯ್ಯೋ! ಮರಿಗಳು ಏಳು ದಿಕ್ಕಿಗೆ ಚೆಲ್ಲಾಪಿಲ್ಲಿ. ಒಳಗಿಂದ ಸೌಟು ಹಿಡಿದ ಮಾಮಿ ಓಡೋಡಿ ಬಂದು ವೃತ್ತದ ನಡುವೆ ನಿಂತರು. ಹತ್ತೊಂಬತ್ತು ವರ್ಷದ ಸಂಸಾರ. ಅವರಿಗೆ ತರಬೇತಿ ಆಗಿಬಿಟ್ಟಿತ್ತು!

"ಎಂತ ಆಯ್ತು? ಬೆಂಕಿಯಾ?"

"ಡ್ರಿಲ್ಲು," ಎಂದರು ಮಾವ ಸಣ್ಣ ದನಿಯಲ್ಲಿ.

"ಡ್ರಿಲ್ಲು ಖಲಾಸ್. ನಾಳೆಯಿಂದ ಸೀಟಿ ಮಾಫಿ!" ಎಂದ ಮಾಮಿ ಒಂದು ಡಬ್ಬಿಯಲ್ಲಿ ಕುಚ್ಚಲಕ್ಕಿ ಹಾಕಿ ಗಲಗಲ ಆಡಿಸಿದರು. ಏಳೂ ಮರಿಗಳು ಅವರ ಕಾಲ ಬುಡದಲ್ಲಿ. ನಾನು ಗಡಿಯಾರ ನೋಡಿದೆ: ನಲವತ್ತು ಸೆಕೆಂಡು.

ಹತ್ತೊಂಬತ್ತನೆಯ ಹೊರಸಂಚಾರದ ದಿನ ಮರಿಗಳನ್ನು ಗೂಡಿನಿಂದಾಚೆ ಅಂಗಳಕ್ಕೇ ಬಿಟ್ಟೆವು. ಕಾವಲಿಗೆ ನಾನಿದ್ದೆ. ಮಾವ ನೀರು ತರಲು ಒಳಗೆ ಹೋಗಿದ್ದರು. ಗೋಡೆಯ ಮೇಲಿಂದ ಒಂದು ಬೂದು ಬೆಕ್ಕು ಜಿಗಿಯಿತು. ನಾನು ಕಿರುಚಿದೆ, ಚಪ್ಪಲಿ ಎಸೆದೆ. ಬೆಕ್ಕು ಓಡಿತು. ನೆಲದಲ್ಲಿ ಕಂದು ಗರಿ ಬಿದ್ದಿತ್ತು. ಎಣಿಸಿದೆ: ಆರು. ಮತ್ತೆ ಎಣಿಸಿದೆ: ಆರು.

ಘೀ ರೋಸ್ಟ್ ಇಲ್ಲ. ಇಪ್ಪತ್ತು ನಿಮಿಷ ಮೂವರೂ ಹುಡುಕಿದೆವು. "ಮಗಾ ಘೀ ರೋಸ್ಟೂ!" ಎಂದು ಕರೆಯುತ್ತ ಮಾಮಿ ಕುಚ್ಚಲಕ್ಕಿಯ ಡಬ್ಬಿ ಆಡಿಸುತ್ತಲೇ ಇದ್ದರು. ಕೊನೆಗೆ ನೀರಿನ ಟ್ಯಾಂಕಿನ ಹಿಂದಿನ ಸಂದಿನಿಂದ ಮಾವ ಅದನ್ನು ಎತ್ತಿ ತಂದರು. ಜೀವವಿತ್ತು, ಬಾಲವಿರಲಿಲ್ಲ.

ನಾನು ಅಳುತ್ತಿದ್ದೆ. "ಇನ್ನು ಹೊರಗೆ ಬೇಡ ಮಾವ. ಒಳಗಿದ್ರೆ ಯಾರಿಗೂ ಎಂತದೂ ಆಗುದಿಲ್ಲ."

ಇಷ್ಟೆಲ್ಲ ಸುರಕ್ಷೆಯ ಮನುಷ್ಯ! ಪಾಸುಗಳನ್ನೆಲ್ಲ ಅಲ್ಲೇ ರದ್ದು ಮಾಡುತ್ತಾರೆಂದುಕೊಂಡೆ. ಅವರು ಮರಿಯ ಬೆನ್ನು ಸವರುತ್ತ ಹೇಳಿದರು: "ಒಳಗೇ ಇಡ್ಲಿಕ್ಕೆ ಸೇಫ್ಟಿ ಆಫೀಸರ್ ಯಾಕೆ ಮಗಾ? ಬೀಗ ಸಾಕು. ಹೊರಗೆ ಹೋಗ್ತಾರೆ ಅಂತಲೇ ಅಲ್ವಾ ನಾವಿರುದು?"

ಗೋಡೆಯ ಮೇಲೆ ಬಲೆ ಏರಿತು. ಮೂರನೆಯ ದಿನ ಮತ್ತೆ ಬಾಗಿಲು ತೆರೆದೆವು. ಮೊದಲು ಹೊರಬಂದದ್ದು ಯಾರು ಗೊತ್ತೇ? ಬಾಲವಿಲ್ಲದ ಘೀ ರೋಸ್ಟ್. ನಾನು ಒಳಗೆ ಹೋಗಿ, ಎರಡು ತಿಂಗಳಿಂದ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್ ತೆರೆದು, ಒಂದು ಅರ್ಜಿ ಕಳಿಸಿದೆ.

ಇಪ್ಪತ್ತನಾಲ್ಕನೆಯ ಸಂದರ್ಶನ ಅಬುಧಾಬಿಯಲ್ಲಿ, ಏಪ್ರಿಲ್ ಮಧ್ಯದಲ್ಲಿ, ಹನ್ನೊಂದೂವರೆಗೆ. ಮಾವ ರಜೆ ಹಾಕಿ ಎರಡು ಗಂಟೆ ಕಾರು ಓಡಿಸಿದರು. ದಾರಿಯಲ್ಲಿ ಬುದ್ಧಿವಾದವಿಲ್ಲ, ಭಾಷಣವಿಲ್ಲ. ನನಗೇ ಗಾಬರಿಯಾಯಿತು! ಕಟ್ಟಡದ ಮುಂದೆ ಇಳಿಸಿ "ಯಲ್ಲಾ, ಹೋಗು" ಎಂದರು, ಅಷ್ಟೇ.

ಆ ಕೆಲಸ ನನಗೆ ಸಿಗಲಿಲ್ಲ. ಸಿಕ್ಕಿದ್ದು ಅದರ ಮುಂದಿನದ್ದು, ವೀಸಾ ಮುಗಿಯಲು ನಾಲ್ಕು ದಿನವಿರುವಾಗ. ಆದರೆ ನನ್ನ ದಿನಚರಿಯಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಆ ಇಪ್ಪತ್ತನಾಲ್ಕನೆಯ ಸಂದರ್ಶನದ ದಿನದ ಪುಟವನ್ನೇ.

ಅಂದು ಒಂದು ಗಂಟೆ ಹತ್ತು ನಿಮಿಷದ ಬಳಿಕ ಹೊರಬಂದೆ. ಪಾರ್ಕಿಂಗಿನ ಒಂದು ಬದಿಯಲ್ಲಿ ಒಳ್ಳೆಯ ನೆರಳಿತ್ತು, ಕಾರು ಅಲ್ಲಿತ್ತು. ಮಾವ ಅಲ್ಲಿರಲಿಲ್ಲ. ನಡುಮಧ್ಯಾಹ್ನದ ಸುಡುಬಿಸಿಲಿನಲ್ಲಿ, ತಲೆಗೆ ಟೋಪಿಯೂ ಇಲ್ಲದೆ, ಅಂಗಿ ಬೆನ್ನಿಗೆ ಅಂಟಿಕೊಂಡು, ಕಾಂಕ್ರೀಟಿನ ನಡುವೆ ನಿಂತಿದ್ದರು. ಕೂಲಿಯವನೊಬ್ಬ ಹೀಗೆ ನಿಂತಿದ್ದರೆ ಅಲ್ಲೇ ಕೆಲಸ ನಿಲ್ಲಿಸುವ ಮನುಷ್ಯ!

"ಎಂತ ಮಾವ ಇದು! ಅಷ್ಟು ನೆರಳು ಬಿಟ್ಟು ಇಲ್ಲಿ ಯಾಕೆ ನಿಂತದ್ದು?"

ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅವರು ಹೇಳಿದರು:

"ಅಲ್ಲಿಂದ ಬಾಗಿಲು ಕಾಣುದಿಲ್ಲ ಮಗಾ."