ಕಾಗೆ ಕೇಳಿದ ಪಾಠ

ಕಾಗೆ ಎಡೆ ಮುಟ್ಟಲಿಲ್ಲ. ತಾಪತ್ರಯ ಶುರುವಾದದ್ದು ಅಲ್ಲಿಂದ.

ಗೂಳಪ್ಪ ತೀರಿಕೊಂಡು ಅವತ್ತಿಗೆ ಮೂರನೆಯ ದಿನ. ಬಾಡಗಂಡಿಯ ಕಬ್ಬಿನ ಹೊಲಗಳಾಚೆ, ಅವನು ಆಯುಷ್ಯವೆಲ್ಲ ಕುರಿ ಮೇಯಿಸಿದ ದಿನ್ನೆಯ ಮೇಲೆಯೇ ಅವನನ್ನು ಮಣ್ಣು ಮಾಡಿದ್ದರು. ಗೋರಿಯ ಮುಂದಿನ ಎಲೆಯಲ್ಲಿ ಸಜ್ಜೆರೊಟ್ಟಿ, ಪುಂಡಿಪಲ್ಲೆ, ಒಂದು ಕಟ್ಟು ಬೀಡಿ. ಕಾಗೆ ಮಾತ್ರ, ಉಪಚಾರ ಸಾಲದೆ ಮುನಿಸಿಕೊಂಡ ಹಿರಿಯಳಿಯನ ಹಾಗೆ, ಜಾಲಿಗಿಡದ ಮೇಲೆ ಮುಖ ತಿರುಗಿಸಿ ಕೂತಿತ್ತು. ಅದು ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ನೆರೆದವರ ದುಃಖವನ್ನು ಹಸಿವು ನಿಧಾನಕ್ಕೆ ಪಕ್ಕಕ್ಕೆ ತಳ್ಳುತ್ತಿತ್ತು.

"ಏನೋ ಆಸೆ ಉಳದೈತಿ," ಎಂದು ಗೂಳಪ್ಪನ ಹೆಂಡತಿ ಸೋಮವ್ವನ ತಮ್ಮ ಕಾಮಣ್ಣ ಮುಂದೆ ಬಂದು ಕೈಮುಗಿದ. "ಭಾವಾ, ಪರಮೇಶನ ಲಗ್ನ ನಾ ನಿಂತು ಮಾಡತೇನಿ. ಮುಟ್ಟು."

ಕಾಗೆ ಬಾಲ ಕೊಡವಿತು.

"ಗೂಳಪ್ಪಣ್ಣಾ, ನಾ ಒಯ್ದ ಕೊಡ್ಲಿ ಇವತ್ತ ತಂದಕೊಡತೇನೋ!" ಎಂದು ಪಕ್ಕದ ಮನೆಯ ಯಂಕವ್ವ ಕೂಗಿದಳು. ಕಾಗೆ ಅತ್ತ ನೋಡಲಿಲ್ಲ; ಉಳಿದವರೆಲ್ಲ ನೋಡಿದರು.

ಆಗ ಸೋಮವ್ವ ಮಗನತ್ತ ತಿರುಗಿದಳು. ಪರಮೇಶ ತಲೆ ತಗ್ಗಿಸಿದ. ಧಾರವಾಡಕ್ಕೆ ಭೌತವಿಜ್ಞಾನದ ಸಂಶೋಧನೆಗೆ ಹೋದಾಗಿನಿಂದ ಫೋನಿನಲ್ಲಿ ಅಪ್ಪ ಕೇಳುತ್ತಿದ್ದದ್ದು ಒಂದೇ: "ಅಲ್ಲೆ ಏನ ಓದತೀಯೋ ತಮ್ಮಾ?" ಇವನ ಉತ್ತರವೂ ಒಂದೇ: "ನಿನಗ ತಿಳಿಯೂದಿಲ್ಲ ಬಿಡಪಾ." ಊರಿಗೆ ಬಂದಾಗಲೂ ಅಷ್ಟೆ. ಅಪ್ಪ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು, ಮಗ ಏನಾದರೂ ಹೇಳಿಯಾನೆಂದು ಕಾಯುತ್ತಿದ್ದ. ಎದುರಿನವರು ಮಾತಾಡುವಾಗ ಗೂಳಪ್ಪ ತುತ್ತು ಬಾಯಿಗಿಟ್ಟವನಲ್ಲ. "ಮಾತ ಸಾಕ ಮಾಡ್ರಿ, ಅವ್ರು ಉಣ್ಲಿ," ಎಂದು ಸೋಮವ್ವ ಮನೆಗೆ ಬಂದವರನ್ನೆಲ್ಲ ಗದರುತ್ತಿದ್ದಳು.

"ಏನ ಓದತೀ ಅನ್ನೂದನ್ನ ಈಗರ ಹೇಳೋ," ಎಂದಳು ಸೋಮವ್ವ.

"ಯವ್ವಾ, ಕಾಗಿಗಿ ನ್ಯೂಕ್ಲಿಯಸ್ ಹೇಳ್ಲ್ಯಾ?"

"ಕಾಗಿಗಲ್ಲ. ನಿಮ್ಮಪ್ಪಗ."

"ಲಗೂನ ಹೇಳಪಾ, ಸಾರು ಆರಾಕತ್ತೈತಿ," ಎಂದ ಕಾಮಣ್ಣ.

ಪರಮೇಶ ಗೋರಿಯ ಮುಂದೆ ಬಂದು ನಿಂತ. "ಯಪ್ಪಾ, ಪರಮಾಣುವಿನ ನಟ್ಟನಡುವ ನ್ಯೂಕ್ಲಿಯಸ್ ಅಂತ ಇರತೈತಿ. ಅದರಾಗ ಪ್ರೋಟಾನು, ನ್ಯೂಟ್ರಾನು..."

"ಯಾವ ಊರ ಮಂದೀನೋ ಅವರು?" ಎಂದಳು ಯಂಕವ್ವ.

ಕಾಗೆ ಕಣ್ಣು ಮುಚ್ಚಿತು. ದಿನ್ನೆಯ ಕೆಳಗೆ ಅಪ್ಪನ ಕುರಿಗಳು ಒಡೆಯನಿಲ್ಲದೆ ಮೇಯುತ್ತಿದ್ದವು. ಎಲ್ಲಿಂದಲೋ ಒಂದು ನಾಯಿ ನುಗ್ಗಿತು. ಇಡೀ ಹಿಂಡು ಒಮ್ಮೆ ಅತ್ತ ಸರಿದು, ಮತ್ತೆ ಇತ್ತ ತುಳುಕಿತು.

"ಯಪ್ಪಾ, ಹಿಂಡು ನೋಡು," ಎಂದ. "ಒಂದೊಂದು ಕುರಿ ಹಿಡಕೊಂಡು ಕುಂತರ ಏನೂ ತಿಳಿಯೂದಿಲ್ಲ. ದಿನ್ನಿ ಮ್ಯಾಲಿಂದ ನೋಡಿದ್ರ ಎಲ್ಲಾ ಕೂಡಿ ನೀರಿನಂಗ ಹರೀತಾವು. ನ್ಯೂಕ್ಲಿಯಸ್ಸೂ ಹಂಗ, ಒಂದು ಹನಿ. ಪ್ರೋಟಾನು ಅಂದ್ರ ಕರೇ ಕುರಿ, ನ್ಯೂಟ್ರಾನು ಅಂದ್ರ ಬಿಳೇವು. ಹೊರಗಿಂದ ಬೆಳಕು ಬಂದು ಬಡೀತಂದ್ರ, ಕರೇವೆಲ್ಲ ಈ ಕಡೆ, ಬಿಳೇವೆಲ್ಲ ಆ ಕಡೆ. ಮತ್ತ ತಿರುಗಿ. ಕೊಡದಾಗ ನೀರು ತುಳುಕಿದಂಗ. ಅದಕ್ಕ ನಾ ನೀರಿನ ಲೆಕ್ಕ ಹಚ್ಚತೇನಿ."



"ಇಷ್ಟನ?" ಎಂದ ಕಾಮಣ್ಣ. "ಇಷ್ಟು ನಮ್ಮ ಭಾವಗ ತಿಳೀತಿರಲಿಲ್ಲನು?"

ಅಷ್ಟರಲ್ಲಿ ಕಾಗೆ ಇಳಿದು ಬಂದು ಎಲೆಯ ಅಂಚಿನಲ್ಲಿ ಕೂತು, ಕತ್ತು ವಾರೆ ಮಾಡಿ ಅವನನ್ನೇ ನೋಡಿತು. ಅವನ ಮಾರ್ಗದರ್ಶಕರೂ ಅವನನ್ನು ಹಾಗೆ ಕೇಳಿಸಿಕೊಂಡಿರಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ಅವನು ಹೇಳುತ್ತಲೇ ಹೋದ: ಹನಿ ಸೌತೆಕಾಯಿಯಂತೆ ಉದ್ದವಾಗುವುದು, ರೊಟ್ಟಿಯಂತೆ ಚಪ್ಪಟೆಯಾಗುವುದು, ಉಸಿರಾಡುವಂತೆ ಉಬ್ಬಿ ಇಳಿಯುವುದು. ಬಿಸಿಲು ನೆತ್ತಿಗೇರಿತು. ಕಾಮಣ್ಣ ಟವೆಲ್ ಹಾಸಿ ಕೂತ. ಕಾಗೆ ಕದಲಲಿಲ್ಲ. ಎಡೆಯನ್ನೂ ಮುಟ್ಟಲಿಲ್ಲ.

ಸೋಮವ್ವ ಬಂದು ಮಗನ ಬೆನ್ನ ಮೇಲೆ ಕೈಯಿಟ್ಟಳು. "ಸಾಕ ಮಾಡಪಾ."

"ಯವ್ವಾ, ಕೇಳಾಕತ್ತಾನ!"

"ಅದಕ್ಕ ಹೇಳಾಕತ್ತೇನಿ. ನೀ ಮಾತಾಡೂತನಕ ಅವ್ರು ತುತ್ತು ಬಾಯಾಗ ಇಡೂದಿಲ್ಲ."

ಪರಮೇಶ ಬಾಯಿ ಮುಚ್ಚಿದ.

ಕಾಗೆ ಸ್ವಲ್ಪ ಹೊತ್ತು ಕಾದಿತು. ಆಮೇಲೆ ರೊಟ್ಟಿಯ ಚೂರೊಂದನ್ನು ಕಚ್ಚಿಕೊಂಡು, ಹಿಂತಿರುಗಿ ನೋಡದೆ ಕಬ್ಬಿನ ಮೇಲೆ ಹಾರಿಹೋಯಿತು.

"ಮುಟ್ಟಿತು!" ಎಂದು ಯಾರೋ ಕೂಗಿದ್ದೇ ತಡ, ಇಡೀ ಮಂದಿ ಒಟ್ಟಿಗೇ ಊಟದ ಕಡೆ ತುಳುಕಿತು.

ಪರಮೇಶ ನಿಂತಲ್ಲೇ ಉಳಿದ. ಒಮ್ಮೆ ಏಟು ತಿಂದ ಹನಿಯ ನಡುಕ ಬರಬರುತ್ತ ಹೇಗೆ ನಿಲ್ಲುತ್ತದೆ ಎಂಬುದನ್ನು ಹೇಳುವುದು ಬಾಕಿಯಿತ್ತು. ಅವನ ಪ್ರಬಂಧದಲ್ಲೂ ಆ ಲೆಕ್ಕವೊಂದು ಕೂಡಿಬಂದಿರಲಿಲ್ಲ. ಬೆದರಿದ ಹಿಂಡು ಹೇಗೆ ತಣ್ಣಗಾಗುತ್ತದೆಂದು ಅಪ್ಪನನ್ನೇ ಕೇಳಬಹುದಿತ್ತೆಂದು ಅವನಿಗೆ ಈಗ ಹೊಳೆಯಿತು.