ಪ್ರಭಾರ ಕೂಸುಗಳು

ನಕ್ಷೆ ಇಲಾಖೆಯ ಕಟ್ಟಡದ ಉದ್ದ ಮುನ್ನೂರ ಹನ್ನೆರಡು ಹೆಜ್ಜೆ. ಇದನ್ನು ಇಲಾಖೆಯೇ ಅಳೆದು ಮುದ್ರೆ ಒತ್ತಿದೆ. ಅದೇ ಇಲಾಖೆಯ ಇನ್ನೊಂದು ಶಾಖೆ ಅಳೆದಾಗ ಇನ್ನೂರ ತೊಂಬತ್ತು ಬಂತು; ಅದಕ್ಕೂ ಮುದ್ರೆಯಿದೆ. ಎರಡೂ ಸರಿ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ, ದಿನಾ ಅದನ್ನು ನಡೆಯುವ ನಕಲುಗಾರ್ತಿಯೊಬ್ಬಳನ್ನು ಬಿಟ್ಟು.

ಹಳೇ ನಕ್ಷೆಗಳನ್ನು ಹೊಸ ಕಾಗದಕ್ಕೆ ಇಳಿಸುವುದು ಅವಳ ಕೆಲಸ. ಕಟ್ಟಡದ ಒಂದು ತುದಿಗೆ ಕೂಸಿನ ಕೋಣೆ. ಅದು ಹಿಂದೆ ಗೋದಾಮು. ಅದಕ್ಕೆ ಕಿಟಕಿಯಿಲ್ಲ, ಕಿಟಕಿಯ ನಕ್ಷೆ ಮಾತ್ರ ಇದೆ. ಅಲ್ಲಿ ಅವಳ ಅವಳಿಗಳು, ಏಳು ತಿಂಗಳ ಗುಂಡ ಮತ್ತು ಚೂಟಿ. ಇನ್ನೊಂದು ತುದಿಗೆ ಅಂಗಳ, ಅಂಗಳದಲ್ಲಿ ಬಿಸಿಲು. "ಇಬ್ಬರದೂ ಎಳೇ ಮೂಳೆ. ದಿನಾ ತಪ್ಪದೆ ಬಿಸಿಲು ಕಾಣಿಸಿ" ಎಂದಿದ್ದರು ಡಾಕ್ಟರು. ಸಂಜೆ ಅವಳು ಮನೆ ಸೇರುವ ಹೊತ್ತಿಗೆ ಬಿಸಿಲೂ ತನ್ನ ಮನೆ ಸೇರಿರುತ್ತಿತ್ತು. ಉಳಿದದ್ದು ಮಧ್ಯಾಹ್ನದ ಅರ್ಧ ಗಂಟೆ ವಿರಾಮ, ಒಂದೇ ಸೀಟಿನ ಒಂದು ತಳ್ಳುಗಾಡಿ. ಇಬ್ಬರನ್ನೂ ಎತ್ತಿಕೊಂಡು ಹೋಗೋಣವೆಂದರೆ ದಾರಿಯಲ್ಲಿ ಹದಿನಾಲ್ಕು ಬಾಗಿಲು, ತೆರೆಯಲು ಮೂರನೇ ಕೈ ಇಲ್ಲ.

ಹಾಗಾಗಿ ಬೆಸ ತಾರೀಕು ಗುಂಡನಿಗೆ, ಸಮ ತಾರೀಕು ಚೂಟಿಗೆ. ಮೂವತ್ತೊಂದು ದಿನದ ತಿಂಗಳು ಮುಗಿದಾಗಲೆಲ್ಲ ಗುಂಡನಿಗೆ ಸತತ ಎರಡು ದಿನ ಬಿಸಿಲು ಬೀಳುತ್ತಿತ್ತು. ಚೂಟಿಗೆ ಈ ಅನ್ಯಾಯ ತಿಳಿಯುತ್ತಿತ್ತೋ ಏನೋ, ಅಂದು ಅವಳ ಕೂಗು ಮೂರನೇ ಮಹಡಿಯ ಶಾಯಿ ಕುಡಿಕೆಗಳನ್ನು ಅಲುಗಿಸುತ್ತಿತ್ತು.

"ಇವತ್ತು ಯಾರನ್ನ ಬಿಟ್ಟು ಹೋಗ್ತೀಯಮ್ಮ?" ಎಂದು ಕೇಳುತ್ತಿದ್ದಳು ಕೋಣೆ ನೋಡಿಕೊಳ್ಳುವ ಆಯಮ್ಮ.

"ಗುಂಡನ್ನ."

"ಹಂಗಾದ್ರೆ ಅವನಿಗೆ ನೀನೇ ಹೇಳು. ನಾನು ಹೇಳಿದ್ರೆ ಹಲ್ಲಿಲ್ಲದ ಬಾಯಲ್ಲೇ ಕಚ್ತಾನೆ."

ನಕಲುಗಾರ್ತಿ ಒಂದೇ ಸಾಲಿನ ಅರ್ಜಿ ಬರೆದಳು: "ಇಬ್ಬರು ಮಕ್ಕಳು ಕೂರುವ ತಳ್ಳುಗಾಡಿ ಒಂದು ಬೇಕು." ಇಲಾಖೆಯ ಇತಿಹಾಸದಲ್ಲಿ ಅರ್ಥವಾಗುವಂತೆ ಬರೆದ ಮೊದಲ ಅರ್ಜಿ ಇದಾದ್ದರಿಂದ ಉಗ್ರಾಣಿಕನಿಗೆ ಅನುಮಾನ ಬಂತು. ಅವಳನ್ನು ಕರೆಸಿ, ನಲವತ್ತೊಂದನೇ ನಿಯಮ ತೆಗೆದ. ಯಾವುದೇ ವಾಹನವನ್ನು ಆರಿಸುವ ಮುನ್ನ ಅದರಲ್ಲಿ ಕೂರುವವರೇ ಕೂತು ನೋಡಿ, ಅಭಿಪ್ರಾಯ ಬರೆದು ರುಜು ಹಾಕತಕ್ಕದ್ದು.

"ಕೂರೋರು ರುಜು ಹಾಕ್ತಾರಾ?"

"ಏಳು ತಿಂಗಳು ಸಾರ್. ಕಾಗದದ ಮೇಲೆ ಕೂರಿಸಿದ್ರೆ ಬೇರೆ ಏನೋ ಹಾಕ್ತಾರೆ."

"ಹೆಬ್ಬೆಟ್ಟು?"

"ಅದು ಯಾವಾಗ್ಲೂ ಬಾಯಲ್ಲಿರುತ್ತೆ."

"ಒದ್ದೆ ಹೆಬ್ಬೆಟ್ಟು ನಡೆಯಲ್ಲಮ್ಮ," ಎಂದ ಉಗ್ರಾಣಿಕ, ಹಿಂದೆ ಯಾರೋ ಪ್ರಯತ್ನಿಸಿ ಸೋತಿದ್ದರು ಎಂಬಂತೆ.

ನಿಯಮವೆಂದ ಮೇಲೆ ದಾರಿಯೂ ಇರುತ್ತದೆ. ಹದಿನೈದು ದಿನದಲ್ಲಿ ಸುತ್ತೋಲೆ ಬಂತು. "ಕೂಸಿನ ಸ್ಥಾನದಲ್ಲಿರುವ ಇಬ್ಬರೂ ರುಜು ಹಾಕಲು ಅಸಮರ್ಥರಾಗಿರುವುದರಿಂದ, ಸಾರ್ವಜನಿಕ ಹಿತದೃಷ್ಟಿಯಿಂದ, ಹಿರಿಯ ಅಧೀಕ್ಷಕರು ಹಾಗೂ ಕಿರಿಯ ಅಧೀಕ್ಷಕರನ್ನು ಮುಂದಿನ ಆದೇಶದವರೆಗೆ ಪ್ರಭಾರ ಕೂಸುಗಳನ್ನಾಗಿ ನೇಮಿಸಲಾಗಿದೆ. ಸದರಿಯವರು ದಿನಕ್ಕೆ ತಲಾ ಅರ್ಧ ಲೀಟರ್ ಹಾಲಿಗೆ ಅರ್ಹರು." ನಂಬದವರು ಕಡತ ತೆಗೆಸಿ ನೋಡಲಿ. ಕಡತ ಸಿಗದಿದ್ದರೆ ಇಲಾಖೆ ಎಂದಿನಂತೆ ನಡೆಯುತ್ತಿದೆ ಎಂದೇ ಅರ್ಥ.

ಆಯ್ಕೆಯ ದಿನ ಅಂಗಡಿಯವನು ಮಾದರಿ ಗಾಡಿ ತಂದ. ಹಿರಿಯರು ತೊಂಬತ್ತೆಂಟು ಕೆಜಿ. ಅವರು ಕೂತರು, ಗಾಡಿಯೂ ಕೂತಿತು.

"ಸಾರ್, ಇದು ಹದಿನೈದು ಕೆಜಿಯ ಮಕ್ಕಳಿಗೆ ಮಾಡಿದ್ದು," ಎಂದ ಅಂಗಡಿಯವನು.

"ಕೂಸಿಗೆ ಅಪಾಯಕಾರಿ ಅಂತ ಬರ್ಕೊಳ್ಳಿ," ಎಂದರು ಹಿರಿಯರು ನೆಲದಿಂದ.

ಗಟ್ಟಿ ಚೌಕಟ್ಟಿನ ಮೂರು ಗಾಡಿಗಳನ್ನು ಹೇಳಿ ಮಾಡಿಸಲಾಯಿತು. ಮೊದಲನೆಯದರಲ್ಲಿ ಸೀಟು ಅಕ್ಕಪಕ್ಕ. "ಇವತ್ತು ಇವರ ಪಕ್ಕ ಕೂತರೆ ನಾಳೆ ಕುರ್ಚೀನೂ ಪಕ್ಕಕ್ಕೆ ಎಳ್ಕೋತಾರೆ," ಎಂದು ಹಿರಿಯರು ಬೇಡವೆಂದರು. ಎರಡನೆಯದರಲ್ಲಿ ಒಂದರ ಹಿಂದೆ ಒಂದು. "ಹದಿನೆಂಟು ವರ್ಷದಿಂದ ಇವರ ಬೆನ್ನೇ ನೋಡ್ತಿದೀನಿ. ಕೂಸಾದ ಮೇಲೂ ಅದೇ ಬೆನ್ನಾ?" ಎಂದು ಕಿರಿಯರು ಮುಖ ಊದಿಸಿಕೊಂಡರು. ಮೂರನೆಯದರಲ್ಲಿ ಎದುರುಬದುರು. ಒಬ್ಬರ ಮುಖ ಒಬ್ಬರು ನೋಡದೆ ಎರಡು ವರ್ಷವಾಗಿದ್ದರಿಂದ ಅದನ್ನು ಯಾರೂ ಪ್ರಸ್ತಾಪಿಸಲಿಲ್ಲ.

ಅಷ್ಟರಲ್ಲಿ ಗುಂಡನಿಗೆ ಎರಡು ಹಲ್ಲು, ಚೂಟಿಗೆ ಮೂರು. ಸಹನೆ ಮುಗಿದ ನಕಲುಗಾರ್ತಿಯೇ ಹೇಳಿದಳು, "ಹಿಂದಿನ ಸೀಟನ್ನ ನಾಲ್ಕು ಬೆರಳು ಎತ್ತರ ಮಾಡಿಸಿ ಸಾರ್. ಒಬ್ಬರು ಮುಂದೆ ಇರ್ತಾರೆ, ಒಬ್ಬರು ಮೇಲೆ ಇರ್ತಾರೆ." ಇಬ್ಬರೂ ತಾನೇ ಗೆದ್ದೆನೆಂದು ಒಪ್ಪಿದರು. ಒಂದು ವಾರದಲ್ಲಿ ಗಾಡಿ ಮಕ್ಕಳ ಕೈಗೆ ಬರುತ್ತದೆಂದು ಅವಳೂ ನಂಬಿದಳು. ಪಾಪ, ಓದಿದವಳು.

ಪ್ರಾಯೋಗಿಕ ಬಳಕೆ ಶುರುವಾಯಿತು. ಅರ್ಜಿದಾರರೇ ತಳ್ಳತಕ್ಕದ್ದು ಎಂದು ನಿಯಮ. ಈಗ ವಿರಾಮವೆಲ್ಲ ಇಬ್ಬರು ಅಧೀಕ್ಷಕರನ್ನು ಬಿಸಿಲಿಗೆ ಒಯ್ಯುವುದಕ್ಕೇ ಸರಿಹೋಗಿ, ಗುಂಡ ಚೂಟಿ ಇಬ್ಬರೂ ಕತ್ತಲಲ್ಲಿ ಉಳಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ. ಇಲ್ಲಿ ಕೂಸಿಗೆ ಹಲ್ಲು ಬಂದರೂ ಕುಲಾವಿ ಬೇರೆಯವರ ತಲೆ ಮೇಲಿತ್ತು.

"ಸಾರ್, ನನ್ನ ಮಕ್ಕಳು ಬಿಸಿಲು ನೋಡಿ ತಿಂಗಳಾಯ್ತು," ಎಂದಳು ಅವಳು ಬೆವರೊರೆಸಿಕೊಳ್ಳುತ್ತ.

"ಅವರಿಗೋಸ್ಕರಾನೇ ಅಲ್ವೇನಮ್ಮ ನಾವು ಇಷ್ಟು ಕಷ್ಟ ಪಡ್ತಿರೋದು," ಎಂದರು ಹಿರಿಯರು ಕಣ್ಣು ಮುಚ್ಚಿಕೊಂಡು.

ದಿನಚರಿಯಲ್ಲಿ ಅಭಿಪ್ರಾಯಗಳು ದಾಖಲಾದವು. ಒಂಬತ್ತನೇ ದಿನ: "ತೂಕಡಿಕೆ ಬಂತು. ಪರೀಕ್ಷೆ ಮುಂದುವರಿಸಬಹುದು." ನಲವತ್ತನೇ ದಿನ: "ಚಾದರ ಬೇಕು." ನೂರನೇ ದಿನ: "ಎಲ್ಲ ಋತುಗಳಲ್ಲೂ ನೋಡದೆ ಅಭಿಪ್ರಾಯ ಹೇಳುವುದು ದುಡುಕು."

ಋತುಗಳು ಕಳೆದು ಗುಂಡ ಗೋಡೆ ಹಿಡಿದು ನಿಂತ, ಚೂಟಿ ಗುಂಡನನ್ನು ಹಿಡಿದು ನಿಂತಳು. ಅಂದು ನಕಲುಗಾರ್ತಿ ದಿನಚರಿಯಲ್ಲಿ ತಳ್ಳುವವರ ಅಭಿಪ್ರಾಯಕ್ಕೆಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ, ತನ್ನ ಅಚ್ಚುಕಟ್ಟಾದ ಅಕ್ಷರಗಳಲ್ಲಿ ಬರೆದಳು: "ಗಾಡಿ ಕೂಸಿನದಾದ್ದರಿಂದ, ಕೂಸಿನ ಕೈಗೆಟಕುವಂತೆ ಹಿಂದೆ ಕೆಳಗೊಂದು ಹಿಡಿ ಅಗತ್ಯ." ಪ್ರಭಾರ ಕೂಸುಗಳು ಅರೆನಿದ್ದೆಯಲ್ಲಿದ್ದರು. ಓದದೆ ರುಜು ಹಾಕುವುದು ಅವರಿಗೆ ಎಚ್ಚರವಿದ್ದಾಗಲೂ ಅಭ್ಯಾಸವಿತ್ತು.

ಹಿಡಿ ಬಂತು. ಮಾರನೇ ದಿನ ಗುಂಡ ಚೂಟಿ ಅದನ್ನು ಹಿಡಿದು ತಪ್ಪುಹೆಜ್ಜೆ ಇಡುತ್ತ, ಮೇಲಿನ ಹಿಡಿಯಲ್ಲಿ ಅಮ್ಮನ ಕೈಯಿರಲು, ನೂರ ಎಂಬತ್ತು ಕೆಜಿ ಆಡಳಿತವನ್ನು ತಳ್ಳಿಕೊಂಡು ಹೊರಟರು. ಅಂಗಳ ಮುಟ್ಟುವಾಗ ಅರ್ಧ ಗಂಟೆ ಎಂದೋ ಮುಗಿದಿತ್ತು. ಆದರೆ ವಿರಾಮ ಮುಗಿಯಿತೆಂದು ಗಂಟೆ ಬಾರಿಸಲು ಅಪ್ಪಣೆ ಕೊಡಬೇಕಾದವರು ಗಾಡಿಯಲ್ಲಿ ಗೊರಕೆ ಹೊಡೆಯುತ್ತಿದ್ದುದರಿಂದ ಅದು ಕಾನೂನುಬದ್ಧವಾಗಿ ಮುಗಿದಿರಲಿಲ್ಲ. ಅವಳ ಮಕ್ಕಳು ಆ ಕಟ್ಟಡಕ್ಕೆ ಬಂದ ಮೇಲೆ ಮೊದಲ ಸಲ ಒಂದೇ ದಿನ, ಒಂದೇ ಬಿಸಿಲಲ್ಲಿ ನಿಂತು ಒಬ್ಬರ ನೆರಳನ್ನು ಒಬ್ಬರು ತುಳಿದರು. ನಕಲುಗಾರ್ತಿ ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇದ್ದಳು. ಇಡೀ ಕಚೇರಿ ಅಂದು ಮೂರೂವರೆವರೆಗೆ ಊಟ ಮಾಡಿತು.

ವರ್ಷದ ಕೊನೆಗೆ ತಪಾಸಣೆಯವರು ಬಂದು ಎಣಿಸಿದರು. ಮಂಜೂರಾದ ಕೂಸು ಎರಡು, ಹಾಜರಿದ್ದದ್ದು ನಾಲ್ಕು. ವಯಸ್ಸಿನ ಹಿರಿತನ ನೋಡಿ ಅಧೀಕ್ಷಕರಿಬ್ಬರನ್ನೂ ಖಾಯಂ ಕೂಸುಗಳೆಂದು ದೃಢೀಕರಿಸಿ, ಹೆಚ್ಚುವರಿಯಾದ ಗುಂಡ ಚೂಟಿಯರನ್ನು ತಳ್ಳುವವರ ವರ್ಗಕ್ಕೆ ಸೇರಿಸಲಾಯಿತು. ದಿನಾ ಮಧ್ಯಾಹ್ನ ಅಂಗಳದ ಹಾಜರಿ ಕಡ್ಡಾಯ. ತಾಯಿಯ ಆಕ್ಷೇಪಣೆ ಏನಾದರೂ ಇದೆಯೇ ಎಂದು ಕೇಳಿದ ಕಡೆ ನಕಲುಗಾರ್ತಿ "ಇಲ್ಲ" ಎಂದು ಬರೆದು, ಕೆಳಗೆ ಎರಡು ಸಲ ಗೆರೆ ಎಳೆದಳು.

ಆ ಮಧ್ಯಾಹ್ನ ಆಯಮ್ಮ ಗಾಡಿಯ ಪಕ್ಕ ಬಗ್ಗಿ, ನಿದ್ದೆಹೋದ ಹಿರಿಯರ ಗದ್ದ ಒರೆಸಿದಳು.

"ಇವೆರಡು ಯಾವಾಗ ನಡೆಯೋಕೆ ಕಲೀತಾವೋ ಏನೋ."

"ಕಲೀತಾರೆ ಬಿಡಿ ಆಯಮ್ಮ," ಎಂದಳು ನಕಲುಗಾರ್ತಿ. "ಕೆಲವರದು ಸ್ವಲ್ಪ ನಿಧಾನ."