ಬಳ್ಳಿ ಹಬ್ಬಿದ ವೆಬ್‌ಪುಟ

ಖಾಲಿ ಜಾಗ ಕಂಡರೆ ಸುಮ್ಮನಿರಲಾರದ ಜನರಲ್ಲಿ ನಾನೂ ಒಬ್ಬ. ಕೆಲವರು ಬಸ್ಸಿನ ಖಾಲಿ ಸೀಟಿಗೆ ಕರ್ಚೀಫು ಹಾಕುತ್ತಾರೆ. ನಾನು ಖಾಲಿ ಬಟ್ಟೆಗೆ ಹೂವು ಹಾಕುತ್ತೇನೆ. ಸೂರತ್ತಿನ ಪಾಂಡೇಸರಾದ ಮಿಲ್ಲೊಂದರಲ್ಲಿ ಸೀರೆಯ ಪ್ರಿಂಟ್ ಡಿಸೈನ್ ಮಾಡುವುದು ನನ್ನ ಹೊಟ್ಟೆಪಾಡು. ಆ ಚಟ ಮನೆಗೂ ಬಂದು ಪರದೆ, ಗೋಡೆ, ಫ್ರಿಜ್ಜಿನ ಬಾಗಿಲು ಎಲ್ಲದರ ಮೇಲೂ ಏನಾದರೊಂದು ಅರಳಿಕೊಂಡೇ ಇರುತ್ತದೆ. ಜಿರಲೆ ಬಂದು ಕೂತರೂ ಡಿಸೈನಿರಬೇಕೆಂದು ಬಿಟ್ಟುಬಿಡುವ ಹಾಗಾಗಿದೆ ಎಂದು ನನ್ನ ಹೆಂಡತಿ ಸರೋಜ ದೂರುತ್ತಾಳೆ.

ಈ ಸರೋಜ ಬೇಸಿಗೆಯಿಡೀ ಕೂತು ನಮ್ಮ ಕನ್ನಡ ಸಂಘದ ಮಕ್ಕಳಿಗೆ ನಾಟಕವೊಂದನ್ನು ಕಲಿಸಿದ್ದಳು. ಇಲ್ಲೇ ಹುಟ್ಟಿ ಬೆಳೆದು ಗುಜರಾತಿಯಲ್ಲೇ ಜಗಳವಾಡುವ ಮಕ್ಕಳ ಬಾಯಿಂದ 'ಅಪ್ಪಣೆ ಮಹಾಪ್ರಭು' ಹೊರಡಿಸುವಷ್ಟರಲ್ಲಿ ಅವಳ ಗಂಟಲೇ ಕಟ್ಟಿಹೋಗಿತ್ತು. ಹಿಂದಿನ ವರ್ಷ ವೇದಿಕೆಯ ಮೇಲಿದ್ದಷ್ಟು ಜನವೂ ಕೆಳಗಿರಲಿಲ್ಲ. "ಈ ಸಲಾನೂ ಕುರ್ಚಿ ಖಾಲಿ ಇದ್ರೆ ಮಕ್ಕಳು ಇನ್ನು ಈ ಕಡೆ ತಲೆ ಹಾಕಲ್ಲ ರೀ" ಎಂದಳು. ಅವಳ ದನಿ ಕೇಳಿ ನನಗೆ ಸಂಕಟವಾಯಿತು. ಜನರನ್ನು ಕರೆಯುವ ಸಂಘದ ವೆಬ್‌ಪುಟದ ಹೊಣೆಯನ್ನು ನಾನೇ ಹೊತ್ತುಕೊಂಡೆ. ಡಿಸೈನರನಲ್ಲವೇ!

ಅಕ್ಷರಗಳ ಕೊಂಬು, ದೀರ್ಘಗಳಿಂದೆಲ್ಲ ಬಳ್ಳಿ ಹಬ್ಬಿಸಿದೆ. ಒತ್ತಕ್ಷರಗಳ ಕೆಳಗೆ ನವಿಲು ಕೂರಿಸಿದೆ. ಹಿನ್ನೆಲೆಗೆ ಸಾಲು ಸಾಲು ಮಾವಿನಕಾಯಿ ಬುಟ್ಟಾ. ನೋಡಿ ನಾನೇ ಮರುಳಾದೆ. ಮರುದಿನ ನಮ್ಮ ಸಂಘಕ್ಕೆ ಬರುವ, ರೈಲ್ವೆಯಲ್ಲಿರುವ ಹುಬ್ಬಳ್ಳಿಯ ಪಾಟೀಲರು ಫೋನ್ ಮಾಡಿದರು. "ಪೇಜ್ ಭಾಳ ಚಲೋ ಆಗೇತ್ರಿ. ಫಲಪುಷ್ಪ ಪ್ರದರ್ಶನ ಯಾವತ್ತೈತಿ?"

ಸರೋಜ ನನ್ನೊಂದಿಗೆ ವಾದಕ್ಕಿಳಿಯದೆ ನೇರವಾಗಿ ವಡೋದರಾದಲ್ಲಿ ಡಿಸೈನ್ ಓದುತ್ತಿರುವ ಮಗಳು ಅನಘಾಳನ್ನು ಕರೆಸಿದಳು. ಅನಘಾಗೆ ಕನ್ನಡ ಮಾತಾಡಲು ಬರುತ್ತದೆ; ಓದು ಮಾತ್ರ ಕೂಡಿಸಿ ಕೂಡಿಸಿ. ಅವಳು ನನ್ನ ಪುಟದ ಮೇಲೆ ಬೆರಳಿಟ್ಟು ಓದಲು ಹೊರಟು, ಎರಡನೆಯ ಪದಕ್ಕೇ ಸೋತು ಕೂತಳು. ಆಮೇಲೆ ಒಂದೊಂದೇ ನವಿಲನ್ನು ಓಡಿಸಿದಳು. ನಾನು ಪಕ್ಕದಲ್ಲೇ ಉಗುರು ಕಚ್ಚುತ್ತಿದ್ದೆ. ಆದರೆ ಕೊನೆಗೆ ಉಳಿದದ್ದನ್ನು ನೋಡಬೇಕಿತ್ತು! ದುಂಡನೆಯ ಸರಳ ಅಕ್ಷರಗಳು, ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ. ನಾಟಕದ ಹೆಸರು ಮುಟ್ಟಿದರೆ ಪುಟ್ಟ ಪರದೆ ಮೇಲೇಳುತ್ತದೆ, ಹಿಂದೆಯೇ ದಿನ, ಹೊತ್ತು, ಜಾಗ. ನನ್ನದೊಂದು ಬಳ್ಳಿಯನ್ನು ಅಂಚಿನಲ್ಲಿ ಉಳಿಸಿಕೊಂಡಿದ್ದಳು. "ಹೂವು ಬೇಡ ಅಂತ ಅಲ್ಲಪ್ಪಾ, ಓದೋರ ದಾರಿಯಿಂದ ಸ್ವಲ್ಪ ಸೈಡಿಗೆ ಸರಿಸ್ದೆ. ನಂಗೆ ಓದಕ್ಕೆ ಬಂತು ಅಂದ್ರೆ ಎಲ್ರಿಗೂ ಬರತ್ತೆ" ಎಂದಳು. ಹೊಟ್ಟೆಕಿಚ್ಚು ಪಡಬೇಕೆಂದಿದ್ದವನಿಗೆ ಹೆಮ್ಮೆ ಉಕ್ಕಿಬಂತು. ಇಷ್ಟು ವರ್ಷ ಜಾಗ ತುಂಬಿಸಿದ ನನಗೆ, ಜಾಗ ಬಿಡುವುದೂ ಒಂದು ಕಲೆಯೆಂದು ಗೊತ್ತೇ ಇರಲಿಲ್ಲ.

ಅಂದಿನಿಂದ ನನಗೆ ಅದೇ ಗುಂಗು. ಮಿಲ್ಲಿನಲ್ಲಿ ಕನ್ನಡದ ಗಂಧವಿಲ್ಲದವರಿಗೂ ಫೋನ್ ತೆರೆದು ತೋರಿಸುತ್ತಿದ್ದೆ. ಅವರು ಪಾಪ, "ವಾಹ್ ವಾಹ್" ಎನ್ನುತ್ತಿದ್ದರು.

ನಾಟಕದ ದಿನ ಸರೋಜ ಮಕ್ಕಳನ್ನು ಕರೆದುಕೊಂಡು ಮೊದಲೇ ಹೋಗಿದ್ದಳು. ನಾನು ಮಿಲ್ಲಿನಿಂದ ನೇರವಾಗಿ ಉಧನಾದಲ್ಲಿ ಸಂಘದ ನಾಟಕಗಳು ನಡೆಯುವ ಮಾಮೂಲಿ ಹಾಲಿಗೆ ಹೋದೆ. ಬಾಗಿಲಿಗೆ ಬೀಗ. ಸುತ್ತ ಒಂದು ನರಪಿಳ್ಳೆಯಿಲ್ಲ. ಯಾರೂ ಬರಲಿಲ್ಲವೆಂದು ಮಕ್ಕಳನ್ನು ವಾಪಸ್ ಕರೆದೊಯ್ದಳೇನೋ ಎನಿಸಿ ನನಗೆ ಅಳುವೇ ಬಂತು. ಅವಳಿಗೆ ಫೋನ್ ಮಾಡಿದರೆ ಎತ್ತಿದವರು ಪಾಟೀಲರು. ಹಿಂದೆ ಚಪ್ಪಾಳೆಯೋ ಚಪ್ಪಾಳೆ.

"ಎಲ್ಲದೀರಿ ಸಾಹೇಬ್ರ? ಕುರ್ಚಿ ಸಾಲವಲ್ವು, ಮಂದಿ ನಿಂತಾರ ಇಲ್ಲಿ! ಅಕ್ಕಾರು ಸ್ಟೇಜ್ ಮ್ಯಾಲ ಅದಾರ."

"ಇಲ್ಲಿ ಅಂದ್ರೆ ಎಲ್ಲಿ?"

"ಅಡಾಜಣ್‌ದಾಗಿನ ಹಾಲಿನ್ಯಾಗ್ರಿ! ಉಧನಾ ಹಾಲಿನ್ಯಾಗ ಕರೆಂಟ್ ಕೆಟ್ಟೈತಿ ಅಂತ ಹೋದ ವಾರಾನ ಜಾಗಾ ಬದಲಾತಲ್ಲ. ನಿಮ್ಮ ಮಗಳು ಪೇಜಿನ್ಯಾಗ ಎಲ್ಲಾಕಿಂತ ಮ್ಯಾಲ, ದಪ್ಪ ಅಕ್ಷರದಾಗ ಹಾಕ್ಯಾಳ. ನೋಡಿಲ್ಲೇನು?"

ನೋಡದೆ ಏನು? ದಿನಕ್ಕೆ ಹತ್ತು ಸಲ ನೋಡಿದ್ದೆ; ಅದಕ್ಕೇ ಸರೋಜಳೂ ನನಗೆ ಬೇರೆ ಹೇಳುವ ಗೋಜಿಗೆ ಹೋಗಿರಲಿಲ್ಲ. ಆ ಸಾಲಿನ ಅಕ್ಷರಗಳ ದುಂಡುತನವನ್ನು ಮಿಲ್ಲಿನಲ್ಲಿ ಬಣ್ಣ ಬೆರೆಸುವ ಮಾಸ್ತರಿಗೂ ಹಿಡಿದು ತೋರಿಸಿದ್ದೆ. ಓದಿರಲಿಲ್ಲ, ಅಷ್ಟೆ.